ಅಮ್ಮಂಗೆ ಗರ್ಭಕೋಶ ಜಾರಿದೆ, ಆಪರೇಷನ್ನೇ ಬೇಕಾ ಅಥವಾ ರಿಂಗ್ ಹಾಕಿಸಿದ್ರೆ ಸಾಕಾ?

ಮುಂಗಾರುಮಗಳು:
ಎಲ್ಲರಿಗೂ ನಮಸ್ತೆ. ಸ್ವಲ್ಪ ಮುಜುಗರದ ವಿಷಯ, ಆದ್ರೂ ಕೇಳ್ತಿದೀನಿ. ಅಮ್ಮಂಗೆ 63 ವರ್ಷ, ಮೂರು ಹೆರಿಗೆ, ಮೂರೂ ನಾರ್ಮಲ್, ಶುಗರ್ ಇದೆ ಮಾತ್ರೆ ತಗೋತಾರೆ. ಕೆಳಗಡೆ ಏನೋ ಜಾರಿ ಬಂದ ಹಾಗಾಗುತ್ತೆ ಅನ್ನೋದನ್ನ ವರ್ಷಗಟ್ಟಲೆ ಅನುಭವಿಸಿದ್ರೂ ಯಾರ ಹತ್ರನೂ ಬಾಯಿ ಬಿಟ್ಟಿಲ್ಲ, ನಂಗೆ ಅನುಮಾನ ಬಂದಿದ್ದು ಸಂಜೆ ಆದ್ರೆ ಸಾಕು ಕೈಲಿದ್ದ ಕೆಲಸ ಬಿಟ್ಟು ಹೋಗಿ ಮಲಗಿಬಿಡ್ತಿದ್ರು, ಬಾತ್‌ರೂಮಿಗೆ ಹೋದ್ರೆ ಎಷ್ಟು ಹೊತ್ತಾದ್ರೂ ಆಚೆ ಬರ್ತಿರ್ಲಿಲ್ಲ ಅದಕ್ಕೆ. ಕೂರಿಸಿಕೊಂಡು ಕೇಳಿದ್ಮೇಲೆ ಹೇಳಿದ್ರು, ಬೆಳಿಗ್ಗೆ ಎದ್ದಾಗ ಏನೂ ಗೊತ್ತಾಗಲ್ಲ, ಮಧ್ಯಾಹ್ನದ ಮೇಲೆ ಗಡ್ಡೆ ಥರ ಹೊರಗೆ ಬಂದು ಬಟ್ಟೆಗೆ ಉಜ್ಜುತ್ತೆ, ಮೂತ್ರ ಪೂರ್ತಿ ಹೋಗಬೇಕು ಅಂದ್ರೆ ಅದನ್ನ ಬೆರಳಲ್ಲಿ ಒಳಗೆ ತಳ್ಳಬೇಕು ಅಂತ.

ಇಬ್ಬರು ಡಾಕ್ಟರಿಗೆ ತೋರಿಸಿದ್ವಿ. ಮೊದಲನೆಯವರು ಸ್ಟೇಜ್ 3, ಮೂತ್ರಕೋಶ ಜಾಸ್ತಿ ಇಳಿದಿದೆ ಗರ್ಭಕೋಶನೂ ಇಳಿದಿದೆ, ಮುಟ್ಟು ನಿಂತು ಎಷ್ಟೋ ವರ್ಷ ಆಯ್ತಲ್ಲ ಗರ್ಭಕೋಶ ಇಟ್ಕೊಂಡು ಏನ್ ಮಾಡ್ತೀರ, ತೆಗೆದುಬಿಡೋಣ ಅಂದ್ರು. ಎರಡನೆಯವರು ಅವಸರ ಏನೂ ಇಲ್ಲ, ರಿಂಗ್ ಪೆಸರಿ ಹಾಕಿ ನೋಡೋಣ ಅಂತಾರೆ. ಅಮ್ಮಂಗೆ ಆಪರೇಷನ್ ಅಂದ್ರೆ ಭಯ, ಒಳಗೆ ಏನೋ ಇಟ್ಕೊಂಡು ಓಡಾಡೋದು ಅಂದ್ರೆ ಅಸಹ್ಯ, ಎರಡೂ ಬೇಡ ಅಂತ ಕೂತಿದಾರೆ. ಹಿಂಗೇ ಬಿಟ್ರೆ ಕ್ಯಾನ್ಸರ್ ಗೀನ್ಸರ್ ಆಗುತ್ತಾ? ಎಕ್ಸರ್‌ಸೈಜಲ್ಲೇ ಮೇಲೆ ಹೋಗುತ್ತಾ? ಮೆಶ್ ಅಂತ ಏನೋ ಹಾಕ್ತಾರಂತೆ ಅದರಿಂದ ತುಂಬ ಜನಕ್ಕೆ ತೊಂದರೆ ಆಗಿದೆಯಂತೆ, ಅದನ್ನ ಓದಿದಾಗಿಂದ ನಂಗೂ ಭಯ. ಅನುಭವ ಇರೋರು ದಯವಿಟ್ಟು ಹೇಳಿ.

ಬೇವಿನನೆರಳು:
ತಂಗಿ, ಮೊದಲು ಅಮ್ಮಂಗೆ ಹೇಳು, ಈ ತೊಂದರೆ ಇರೋ ಹೆಂಗಸ್ರು ಲೆಕ್ಕ ಇಲ್ಲದಷ್ಟು ಜನ ಇದಾರೆ, ಹೇಳ್ಕೊಳ್ಳೋರು ಮಾತ್ರ ಕಮ್ಮಿ. ಕ್ಯಾನ್ಸರ್ ಆಗಿ ತಿರುಗೋ ಕಾಯಿಲೆ ಅಲ್ಲ ಇದು. ನಾನು ಪೆಸರಿ ಹಾಕ್ಕೊಂಡು ವರ್ಷಗಳಾದ್ವು, ನಂದೂ ಮೂತ್ರಕೋಶನೇ ಇಳಿದಿದ್ದು, ಅದಕ್ಕೆ ರಿಂಗ್ ವಿಷಯ ನಾನು ಹೇಳ್ತೀನಿ.

ಸಿಲಿಕೋನಿಂದು, ಮೆತ್ತಗೆ ಬಗ್ಗುತ್ತೆ. ಮಧ್ಯಕ್ಕೆ ಮಡಚಿ ಒಳಗೆ ಹಾಕಿದ್ರೆ ಅಲ್ಲಿ ಬಿಚ್ಚಿಕೊಂಡು ಇಳಿದಿದ್ದನ್ನ ಮೇಲೆ ಹಿಡ್ಕೊಳ್ಳುತ್ತೆ. ಅಳತೆ ಸರಿ ಇದ್ರೆ ಒಳಗೆ ಒಂದು ವಸ್ತು ಇದೆ ಅಂತಾನೇ ಗೊತ್ತಾಗಲ್ಲ, ಗೊತ್ತಾಗ್ತಿದೆ ನೋವಾಗ್ತಿದೆ ಅಂದ್ರೆ ಸೈಜು ದೊಡ್ಡದು, ಕೆಮ್ಮಿದ್ರೆ ಜಾರಿ ಬರ್ತಿದೆ ಅಂದ್ರೆ ಚಿಕ್ಕದು. ಒಂದೇ ಸಲಕ್ಕೆ ಸರಿಯಾದ ಸೈಜು ಸಿಗದೇ ಇದ್ರೆ ಬೇಜಾರು ಮಾಡ್ಕೋಬೇಡಿ, ಎರಡನೇ ಸಲ ಬದಲಾಯಿಸೋದು ಮಾಮೂಲು. ಹಾಕಿದ ತಕ್ಷಣ ಮನೆಗೆ ಓಡಬೇಡಿ. ಅಲ್ಲೇ ಸ್ವಲ್ಪ ನಡೆದಾಡಿ, ಕುಕ್ಕರಗಾಲಲ್ಲಿ ಕೂತು ಎದ್ದು, ಜೋರಾಗಿ ಕೆಮ್ಮಿ, ಮುಖ್ಯವಾಗಿ ಒಂದ್ಸಲ ಮೂತ್ರ ಮಾಡಿ ನೋಡಿ. ಮೂತ್ರ ಕಟ್ಕೊಂಡ್ರೆ ಆ ಸೈಜು ಆಗಲ್ಲ, ರಾತ್ರಿ ಮನೇಲಿ ಗೊತ್ತಾದ್ರೆ ಫಜೀತಿ.

ರಗಳೆ ಇಲ್ಲ ಅಂತ ಹೇಳಲ್ಲ. ಬಿಳಿ ಹೋಗೋದು ಜಾಸ್ತಿ ಆಗುತ್ತೆ, ಒಂದೊಂದ್ಸಲ ವಾಸನೆನೂ ಬರುತ್ತೆ. ಮುಟ್ಟು ನಿಂತೋರಿಗೆ ಒಳಗಿನ ಚರ್ಮ ತೆಳ್ಳಗಾಗಿರುತ್ತಲ್ಲ, ರಿಂಗ್ ಒತ್ತಿ ಒತ್ತಿ ಹುಣ್ಣಾಗಬಾರ್ದು ಅಂತ ಈಸ್ಟ್ರೋಜನ್ ಕ್ರೀಮ್ ಕೊಡ್ತಾರೆ, ಒಳಗೆ ಹಚ್ಕೊಳ್ಳೋದು. ಆ ಕ್ರೀಮಿಂದ ಜಾರಿದ್ದು ಮೇಲೆ ಹೋಗಲ್ಲ, ಚರ್ಮ ಒಣಗದ ಹಾಗೆ ನೋಡ್ಕೊಳ್ಳುತ್ತೆ ಅಷ್ಟೆ. ನಾನು ರಿಂಗ್ ತೆಗೆಯೋದು ಹಾಕೋದು ನಾನೇ ಕಲ್ತಿದೀನಿ, ಒಂದು ಕಾಲು ಸ್ಟೂಲ್ ಮೇಲಿಟ್ಟು ತೋರುಬೆರಳು ಕೊಕ್ಕೆ ಮಾಡಿ ಅಂಚಿಗೆ ಸಿಕ್ಕಿಸಿ ಎಳೆದ್ರೆ ಬಂದುಬಿಡುತ್ತೆ, ಸೋಪು ನೀರಲ್ಲಿ ತೊಳೆದು ಮತ್ತೆ ಹಾಕೋದು. ಕೈಲಿ ಆಗದೇ ಇರೋರು ಡಾಕ್ಟರ್ ಹೇಳಿದ ಹಾಗೆ ಕೆಲವು ತಿಂಗಳಿಗೊಮ್ಮೆ ಹೋಗಿ ತೆಗೆಸಿ ತೊಳೆಸಿ ಒಳಗೆ ನೋಡಿಸಿಕೊಂಡು ಬರ್ತಾರೆ. ಹಾಕಿಸಿ ಮರೆತುಬಿಡೋದು ಮಾತ್ರ ಕೂಡದು, ವರ್ಷಗಟ್ಟಲೆ ಹಾಗೇ ಬಿಟ್ರೆ ಮಾಂಸದೊಳಗೆ ಹೂತ್ಕೊಂಡು ಪಕ್ಕದ ಮೂತ್ರಕೋಶಕ್ಕೋ ಮಲದ ದಾರಿಗೋ ತೂತು ಬಿದ್ದಿರೋ ಕೇಸುಗಳೂ ಇವೆ.

ಅಸಹ್ಯ ಅನ್ನೋದಕ್ಕೆ ಒಂದೇ ಮಾತು, ದಿನಾ ಬೆರಳಲ್ಲಿ ತಳ್ಳಿಕೊಂಡು ಮೂತ್ರ ಮಾಡೋದಕ್ಕಿಂತ ಇದು ವಾಸಿ. ಬೇಡ ಅನ್ನಿಸಿದ ದಿನ ತೆಗೆದ್ರಾಯ್ತು.

ಸೂರ್ಯಾಭ್ಯಾಸಿ:
ಇದಕ್ಕೆಲ್ಲ ಆಪರೇಷನ್ ರಿಂಗು ಏನೂ ಬೇಡ. ದಿನಾ ಸರ್ವಾಂಗಾಸನ ಮೂಲಬಂಧ ಮಾಡಿಸಿ, ಮೂರು ತಿಂಗಳಲ್ಲಿ ತಾನಾಗೇ ಮೇಲೆ ಹೋಗುತ್ತೆ. ನಮ್ಮ ಕಡೆ ಎಷ್ಟೋ ಜನಕ್ಕೆ ವಾಸಿ ಆಗಿದೆ.

ಬೆನ್ನುಹುರಿ:
@ಸೂರ್ಯಾಭ್ಯಾಸಿ ಕಾಲು ಮೇಲೆ ಮಾಡಿದಾಗ ಎಲ್ಲರಿಗೂ ಮೇಲೆ ಹೋಗುತ್ತೆ ಸರ್, ಇಳಿಸಿ ನಿಂತ ಮೇಲೆ ಏನಾಗುತ್ತೆ ಅನ್ನೋದು ಪ್ರಶ್ನೆ. 63 ವರ್ಷದ ಶುಗರ್ ಇರೋರಿಗೆ, ಬಿಪಿ ಕಣ್ಣು ಯಾವುದೂ ವಿಚಾರಿಸದೆ ಸರ್ವಾಂಗಾಸನ ಮಾಡಿ ಅನ್ನೋದು ಸರಿ ಅಲ್ಲ. ಮೂಲಬಂಧದ ಹಿಂದಿರೋ ಸ್ನಾಯು ವಿಷಯ ನಿಜ, ಅದರ ಬಗ್ಗೆ ಹೇಳ್ತೀನಿ, ನಾನು ಫಿಸಿಯೋ, ಹೆಂಗಸ್ರ ಈ ಸಮಸ್ಯೆಗಳನ್ನೇ ನೋಡೋದು.

ಪೆಲ್ವಿಕ್ ಫ್ಲೋರ್ ಅಂದ್ರೆ ಗರ್ಭಕೋಶ ಮೂತ್ರಕೋಶನ ಕೆಳಗಿಂದ ಹಿಡಿದಿರೋ ಸ್ನಾಯು, ಅದರ ಎಕ್ಸರ್‌ಸೈಜು, ಜನ ಕೀಗಲ್ ಅಂತಾರಲ್ಲ ಅದು, ಸ್ಟೇಜ್ 1 ಮತ್ತು 2ಕ್ಕೆ, ಅಂದ್ರೆ ಇನ್ನೂ ಜಾಸ್ತಿ ಹೊರಗೆ ಬರದ ಹಂತಕ್ಕೆ, ಮೊದಲ ಚಿಕಿತ್ಸೆನೇ ಸರಿ. ಬ್ರಿಟನ್ನಿನ ನೈಸ್ ಅನ್ನೋ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ 2019ರಲ್ಲಿ ಹೇಳಿರೋದು, ಕಲಿಸೋರ ಉಸ್ತುವಾರಿಯಲ್ಲಿ ಕಡಿಮೆ ಅಂದ್ರೂ 16 ವಾರ ಅಂತ. ವಿಡಿಯೋ ನೋಡಿ ಎರಡು ವಾರ ಮಾಡಿ ಏನೂ ಆಗ್ಲಿಲ್ಲ ಅನ್ನೋರೇ ನಮ್ಮ ಹತ್ರ ಬರೋದು, ಪರೀಕ್ಷೆ ಮಾಡಿದ್ರೆ ಅರ್ಧ ಜನ ಆ ಸ್ನಾಯು ಬಿಟ್ಟು ಹೊಟ್ಟೆ, ತೊಡೆ, ಕುಂಡಿ ಎಲ್ಲಾ ಬಿಗಿ ಹಿಡೀತಿರ್ತಾರೆ. ಇನ್ನು ಕೆಲವರು ಒಳಕ್ಕೆ ಎಳೆಯೋ ಬದಲು ಕೆಳಕ್ಕೆ ತಿಣುಕ್ತಿರ್ತಾರೆ, ಅದು ಬೇಡವಾದ ಕಡೆಗೇ ಒತ್ತಡ ಹಾಕಿದ ಹಾಗಾಯ್ತು. ಸರಿ ಮಾಡೋದು ಹೇಗೆ ಅಂದ್ರೆ, ಗ್ಯಾಸ್ ತಡೆಯೋ ಹಾಗೆ ಗುದದ್ವಾರ ಬಿಗಿ ಮಾಡಿ ಅದನ್ನೇ ಮುಂದಕ್ಕೂ ಮೇಲಕ್ಕೂ ಎಳೀಬೇಕು, ಉಸಿರು ಕಟ್ಟಬಾರದು, ಮೊದಲಿಗೆ ಮೂರ್ನಾಲ್ಕು ಸೆಕೆಂಡ್ ಹಿಡಿದ್ರೆ ಸಾಕು, ಹತ್ತು ಸೆಕೆಂಡಿಗೆ ನಿಧಾನ ಬರಬಹುದು, ಪ್ರತಿ ಸಲನೂ ಪೂರ್ತಿ ಸಡಿಲ ಬಿಡಬೇಕು, ಬಿಡೋದೂ ಎಕ್ಸರ್‌ಸೈಜೇ. ಮೂತ್ರ ಮಾಡ್ತಾ ಮಧ್ಯೆ ನಿಲ್ಲಿಸಿ ಅಭ್ಯಾಸ ಮಾಡೋದು ಬೇಡ, ಅದರಲ್ಲೂ ನಿಮ್ಮ ಅಮ್ಮಂಗೆ ಮೊದಲೇ ಪೂರ್ತಿ ಖಾಲಿ ಆಗ್ತಿಲ್ಲ.

ಆದ್ರೆ ನಿಮ್ಮ ಪ್ರಶ್ನೆಗೆ ನೇರ ಉತ್ತರ, ಸ್ಟೇಜ್ 3ರಲ್ಲಿ ಹೊರಗೆ ಬಂದಿರೋದು ಬರೀ ಎಕ್ಸರ್‌ಸೈಜಿಂದ ಒಳಗೆ ಹೋಗಿ ನಿಲ್ಲುತ್ತೆ ಅಂತ ನಾನು ಹೇಳಲ್ಲ. ಭಾರ ಎಳೆದ ಹಾಗಿರೋದು, ಕೆಮ್ಮಿದಾಗ ಸೋರೋದು, ಇವು ಕಮ್ಮಿ ಆಗಬಹುದು, ರಿಂಗ್ ಹಾಕಿಸಿದ್ರೂ ಆಪರೇಷನ್ ಮಾಡಿಸಿದ್ರೂ ಈ ಸ್ನಾಯು ಗಟ್ಟಿ ಇದ್ರೆ ಒಳ್ಳೇದೇ. ಎಕ್ಸರ್‌ಸೈಜಿಗಿಂತ ನಾನು ಜಾಸ್ತಿ ಕೇಳೋದು ಮೋಷನ್ ಬಗ್ಗೆ. ಮಲಬದ್ಧತೆ ಇದ್ದು ದಿನಾ ತಿಣುಕೋರಿಗೆ ನಾವು ಏನು ಕಲಿಸಿದ್ರೂ ನೀರಲ್ಲಿ ಹೋಮ. ಕಮೋಡಲ್ಲಿ ಕೂತಾಗ ಕಾಲ ಕೆಳಗೆ ಒಂದು ಚಿಕ್ಕ ಸ್ಟೂಲ್ ಇಟ್ಟು ಮುಂದಕ್ಕೆ ಬಾಗಿ ಕೂರಲಿ, ತಡೆಯೋಕಾಗದ ಕೆಮ್ಮು ಇದ್ರೆ ಅದಕ್ಕೆ ಮೊದಲು ಔಷಧಿ ಮಾಡಿಸಿ, ತುಂಬಿದ ಬಕೆಟ್ ಎತ್ತೋದು ಬೇರೆಯವರಿಗೆ ಬಿಡಲಿ.

ಕಾಡುಮಲ್ಲಿಗೆ:
ನಾನು ಎರಡು ಸಲ ಆಪರೇಷನ್ ಆದವಳು, ಬರೆಯದೇ ಇರೋಕಾಗ್ತಿಲ್ಲ. ಮೊದಲನೇ ಸಲ ನಿಮ್ಮ ಅಮ್ಮಂಗೆ ಹೇಳಿದ ಹಾಗೇ ನಂಗೂ ಹೇಳಿದ್ರು, ಗರ್ಭಕೋಶ ತೆಗೆದ್ರೆ ಜಾರೋಕೆ ಏನಿರುತ್ತೆ ಅಂತ. ಕೆಳಗಿನಿಂದನೇ ತೆಗೆದ್ರು, ಮುಂದಿನ ಗೋಡೆ ಹೊಲಿದ್ರು, ಮೂರು ವರ್ಷ ಚೆನ್ನಾಗಿದ್ದೆ. ಆಮೇಲೆ ಮತ್ತೆ ಅದೇ ಭಾರ, ಅದೇ ಉಜ್ಜೋದು, ಬೇರೆ ಕಡೆ ತೋರಿಸಿದ್ರೆ ವಾಲ್ಟ್ ಪ್ರೊಲ್ಯಾಪ್ಸ್ ಅಂದ್ರು, ಅಂದ್ರೆ ಗರ್ಭಕೋಶ ತೆಗೆದ ಜಾಗದಲ್ಲಿ ಯೋನಿಯ ಮೇಲ್ತುದಿ ಇರುತ್ತಲ್ಲ ಅದೇ ಮಗುಚಿಕೊಂಡು ಇಳಿದಿದೆ. ಆ ತುದಿನ ಮೊದಲನೇ ಸಲ ಯಾವುದಕ್ಕೂ ಕಟ್ಟಿರ್ಲಿಲ್ಲ ಅಂತ ಡಿಸ್ಚಾರ್ಜ್ ಕಾಗದ ಓದಿ ಹೇಳಿದ್ರು. ತೊಟ್ಟಿಲ ಹಗ್ಗ ಸಡಿಲ ಆಯ್ತು ಅಂತ ತೊಟ್ಟಿಲನ್ನೇ ಬಿಚ್ಚಿ ಬಿಸಾಕಿದ್ರೆ ಹಗ್ಗ ಬಿಗಿ ಆಗುತ್ತಾ? ಈ ಪ್ರಶ್ನೆ ಆವತ್ತು ನಂಗೆ ಕೇಳೋಕೆ ಬರ್ಲಿಲ್ಲ, ಹೇಳೋರೂ ಇರ್ಲಿಲ್ಲ.

ಎರಡನೇ ಆಪರೇಷನ್ ಲ್ಯಾಪ್ರೋಸ್ಕೋಪಿಲಿ ಆಯ್ತು, ಸ್ಯಾಕ್ರೋಕಾಲ್ಪೊಪೆಕ್ಸಿ ಅಂತ, ಹೊಟ್ಟೆ ಕಡೆಯಿಂದ ಹೋಗಿ ಮೆಶ್ ಪಟ್ಟಿ, ಬಲೆ ಥರದ್ದು, ಇಟ್ಟು ಆ ತುದಿನ ಬೆನ್ನಿನ ಕೆಳಗಿನ ಮೂಳೆಗೆ ಕಟ್ತಾರೆ. ಅದಾದ್ಮೇಲೆ ಜಾರಿಲ್ಲ. ಆದ್ರೆ ಒಂದು ಹೊಸ ತೊಂದರೆ ಶುರುವಾಯ್ತು, ಸೀನಿದ್ರೆ ಕೆಮ್ಮಿದ್ರೆ ಮೂತ್ರ ಸೋರೋದು, ಮುಂಚೆ ಇರ್ಲೇ ಇಲ್ಲ. ಆಮೇಲೆ ಗೊತ್ತಾಯ್ತು, ಮೂತ್ರಕೋಶ ಇಳಿದಿದ್ದಾಗ ಮೂತ್ರನಾಳ ಮಡಚಿಕೊಂಡು ಮುಚ್ಚಿದ ಹಾಗಿರುತ್ತೆ, ನೆಟ್ಟಗೆ ಮಾಡಿದ ತಕ್ಷಣ ಒಳಗೆ ಅಡಗಿದ್ದ ಸೋರಿಕೆ ಹೊರಬೀಳುತ್ತೆ. ಇದನ್ನ ಮೊದಲೇ ಪರೀಕ್ಷೆ ಮಾಡಬಹುದಂತೆ, ಜಾರಿದ್ದನ್ನ ಒಳಗೆ ತಳ್ಳಿ ಹಿಡಿದು ಕೆಮ್ಮಿಸಿ ನೋಡೋದು, ಅಷ್ಟೇ. ಅಮ್ಮಂಗೆ ಮಾಡಿದ್ರಾ ಕೇಳಿ.

ರೆಸ್ಟ್ ವಿಷಯ, ಆರು ವಾರ ಭಾರ ಎತ್ತಬಾರ್ದು ಅಂತಾರೆ, ಎರಡನೇ ವಾರಕ್ಕೇ ಆರಾಮ ಅನ್ನಿಸಿ ಕೆಲಸಕ್ಕೆ ಕೈ ಹಾಕೋ ಹೆಂಗಸ್ರೇ ಜಾಸ್ತಿ. ಮನೆಯವರು ಅಷ್ಟು ದಿನ ಮಾಡ್ಕೊಳ್ಳೋ ಹಾಗಿದ್ರೆ ಮಾತ್ರ ಡೇಟ್ ತಗೊಳ್ಳಿ.

ಮುಂಗಾರುಮಗಳು:
ಎಲ್ಲರಿಗೂ ತುಂಬ ಥ್ಯಾಂಕ್ಸ್, @ಕಾಡುಮಲ್ಲಿಗೆ ಅಕ್ಕ ನೀವು ಬರೆದಿದ್ದನ್ನ ಅಮ್ಮಂಗೆ ಓದಿ ಹೇಳಿದೆ, ಸುಮ್ನೆ ಕೇಳಿಸ್ಕೊಂಡ್ರು. ಕೆಮ್ಮಿಸಿ ನೋಡೋ ಪರೀಕ್ಷೆ ಇಬ್ಬರೂ ಮಾಡಿಲ್ಲ. ಈಗ ನಂಗೆ ಮೆಶ್ ಬಗ್ಗೆ ಇನ್ನೂ ಗೊಂದಲ, ನೀವು ಹಾಕಿಸಿ ಚೆನ್ನಾಗಿದೀನಿ ಅಂತೀರ, ನಾನು ಓದಿದ್ದರಲ್ಲಿ ಅದನ್ನ ಬ್ಯಾನ್ ಮಾಡಿದಾರೆ ಅಂತ ಇತ್ತು. ಮತ್ತೆ ಅಮ್ಮ ಕೇಳ್ತಿರೋದು, ಏನೂ ಮಾಡಿಸದೆ ಹಿಂಗೇ ಇದ್ದುಬಿಟ್ರೆ ಏನಾಗುತ್ತೆ ಅಂತ.

ಒಪಿಡಿ_ಮೂಲೆ:
ನಾನು ಸ್ತ್ರೀರೋಗ ವಿಭಾಗದಲ್ಲಿ ಕೆಲಸ ಮಾಡೋ ಡಾಕ್ಟರ್. ನೋಡದೇ ಇರೋ ಪೇಷಂಟಿಗೆ ಇದೇ ಮಾಡಿಸಿ ಅಂತ ಹೇಳಲ್ಲ, ನಿಮ್ಮ ಡಾಕ್ಟರ್ ಹತ್ರ ಏನು ಕೇಳಬೇಕು ಅನ್ನೋದಕ್ಕೆ ಸಹಾಯ ಆಗ್ಲಿ ಅಂತ ಬರೀತಿದೀನಿ.

ಮೆಶ್ ಗೊಂದಲ ಎಲ್ಲರಿಗೂ ಇದೆ, ಯಾಕಂದ್ರೆ ಮೂರು ಬೇರೆ ಬೇರೆ ಆಪರೇಷನ್ನಿಗೆ ಒಂದೇ ಹೆಸರು ಓಡಾಡ್ತಿದೆ. ಮೊದಲನೇದು ಪ್ರೊಲ್ಯಾಪ್ಸಿಗೆ, ಅಂದ್ರೆ ಹೀಗೆ ಜಾರೋದಕ್ಕೆ, ಅಂತ ಯೋನಿಯ ಮೂಲಕ ಹಾಕ್ತಿದ್ದ ದೊಡ್ಡ ಮೆಶ್, ಅದು ಗೋಡೆ ಕೊರೆದು ಹೊರಬರೋದು, ನೋವು, ಸಂಭೋಗದಲ್ಲಿ ತೊಂದರೆ, ಇವೆಲ್ಲ ಜಾಸ್ತಿ ಆಗಿದ್ದು ಅದರಲ್ಲಿ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲೇ ಎಚ್ಚರಿಕೆ ಕೊಟ್ಟು, 2011ರಲ್ಲಿ ಮತ್ತೆ ಹೇಳಿ, ಕೊನೆಗೆ 2019ರ ಏಪ್ರಿಲಲ್ಲಿ ಮಾರಾಟ ನಿಲ್ಲಿಸಿ ಅಂತ ಕಂಪನಿಗಳಿಗೆ ಆದೇಶ ಮಾಡ್ತು. ನೀವು ಓದಿರೋದು ಇದೇ ಇರಬೇಕು. ಎರಡನೇದು ಕಾಡುಮಲ್ಲಿಗೆ ಅವರಿಗೆ ಆಗಿರೋದು, ಹೊಟ್ಟೆ ಕಡೆಯಿಂದ ಹಾಕೋ ಮೆಶ್, ಅದು ಆ ಆದೇಶದಲ್ಲಿ ಬರಲ್ಲ, ಈಗಲೂ ಮಾಡ್ತಾರೆ, ಆದ್ರೆ ಅದೂ ಪೂರ್ತಿ ನಿರಪಾಯ ಅಲ್ಲ, ಒಂದು ದೊಡ್ಡ ಅಧ್ಯಯನದಲ್ಲಿ ಏಳು ವರ್ಷ ಆಗೋ ಹೊತ್ತಿಗೆ ಸುಮಾರು ನೂರಕ್ಕೆ ಹತ್ತು ಜನರಲ್ಲಿ ಮೆಶ್ ಎಲ್ಲೋ ಒಂದು ಕಡೆ ಹೊರಗೆ ಕಾಣಿಸಿಕೊಂಡಿತ್ತು. ಮೂರನೇದು ಮೂತ್ರ ಸೋರೋದಕ್ಕೆ ಹಾಕೋ ಸಣ್ಣ ಪಟ್ಟಿ, ಸ್ಲಿಂಗ್, ಅದು ಪ್ರೊಲ್ಯಾಪ್ಸ್ ಚಿಕಿತ್ಸೆನೇ ಅಲ್ಲ. ನಿಮ್ಮ ಅಮ್ಮಂಗೆ ಮೊದಲ ಆಪರೇಷನ್ನೇ ಆಗೋದಾದ್ರೆ ಮೆಶ್ ಇಲ್ಲದೆ ಅವರ ಸ್ವಂತ ಲಿಗಮೆಂಟಿಗೇ, ಅಂದ್ರೆ ಒಳಗಿನ ಗಟ್ಟಿ ಕಟ್ಟುಗಳಿಗೇ, ಹೊಲಿಯೋ ದಾರಿಗಳಿವೆ, ಸ್ಯಾಕ್ರೋಸ್ಪೈನಸ್ ಫಿಕ್ಸೇಷನ್, ಯುಟಿರೋಸ್ಯಾಕ್ರಲ್ ಸಸ್ಪೆನ್ಷನ್ ಅಂತ. ಗರ್ಭಕೋಶ ಉಳಿಸ್ಕೊಂಡೂ ಮೇಲೆ ಕಟ್ಟಬಹುದು, ತೆಗೆಯಲೇಬೇಕು ಅಂತ ನಿಯಮ ಇಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ತೆಗೆದ್ರೂ ಉಳಿಸಿದ್ರೂ ಮೇಲ್ತುದಿನ ಯಾವುದಕ್ಕೆ ಕಟ್ತೀರ? ಮೂತ್ರಕೋಶ ಇಷ್ಟು ಇಳಿದಿರೋರಲ್ಲಿ ಎಷ್ಟೋ ಸಲ ಮೇಲಿನ ಆಧಾರನೇ ಹೋಗಿರುತ್ತೆ, ಬರೀ ಮುಂದಿನ ಗೋಡೆ ಹೊಲಿದು ಕಳಿಸಿದ್ರೆ ಮರುಕಳಿಸೋ ಸಾಧ್ಯತೆ ಜಾಸ್ತಿ.

ಆಪರೇಷನ್ ಆದ್ರೆ ಮುಗೀತು ಅಂತಾನೂ ಅಂದ್ಕೋಬೇಡಿ. ಸ್ಯಾಕ್ರೋಸ್ಪೈನಸ್, ಯುಟಿರೋಸ್ಯಾಕ್ರಲ್ ಅಂದ್ನಲ್ಲ, ಈ ಎರಡು ವಿಧಾನ ಹೋಲಿಸಿದ ಆಪ್ಟಿಮಲ್ ಅನ್ನೋ ಅಧ್ಯಯನದ ಐದು ವರ್ಷದ ಫಲಿತಾಂಶ 2018ರಲ್ಲಿ ಬಂತು, ಕಟ್ಟುನಿಟ್ಟಾದ ಅಳತೆಯಲ್ಲಿ ಎರಡರಲ್ಲೂ ಅರ್ಧಕ್ಕಿಂತ ಜಾಸ್ತಿ ಫೇಲ್ ಅಂತ ಲೆಕ್ಕ ಆಯ್ತು. ಭಯ ಬೀಳಬೇಡಿ, ಆ ಅಳತೆಯಲ್ಲಿ ಸ್ವಲ್ಪ ಇಳಿದ್ರೂ ಫೇಲೇ, ಆದ್ರೆ ಹೆಂಗಸರ ತೊಂದರೆ ಮಾತ್ರ ಆಪರೇಷನ್ನಿಗೆ ಮುಂಚೆಗಿಂತ ಕಮ್ಮಿಯಾಗೇ ಉಳಿದಿತ್ತು, ಮತ್ತೆ ಚಿಕಿತ್ಸೆ ಬೇಕಾಗಿದ್ದು ಹತ್ತರಲ್ಲಿ ಒಬ್ಬರ ಆಸುಪಾಸು. ನೋಡೋಕೆ ಎಷ್ಟು ಸೆಂಟಿಮೀಟರ್ ಇಳಿದಿದೆ ಅನ್ನೋದಕ್ಕಿಂತ ಅವರಿಗೆ ಎಷ್ಟು ಕಾಟ ಕೊಡ್ತಿದೆ ಅನ್ನೋದೇ ಚಿಕಿತ್ಸೆ ತೀರ್ಮಾನ ಮಾಡಬೇಕು.

ರಿಂಗ್ ಅಥವಾ ಆಪರೇಷನ್ ಅನ್ನೋದಕ್ಕೆ ನೆದರ್ಲ್ಯಾಂಡ್ಸಿನ 2022ರ ಅಧ್ಯಯನ ಒಂದಿದೆ. ಎರಡು ವರ್ಷ ಆದ್ಮೇಲೆ ಪೆಸರಿಯಿಂದ ಶುರು ಮಾಡಿದೋರಲ್ಲಿ ನೂರಕ್ಕೆ 76 ಜನ, ಆಪರೇಷನ್ನಿನವರಲ್ಲಿ 81 ಜನ ಸುಧಾರಿಸಿದೆ ಅಂದ್ರು. ಹತ್ತಿರ ಇದೆ ಅನ್ಸುತ್ತೆ, ಆದ್ರೆ ಪೆಸರಿ ಗುಂಪಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನ ಅಷ್ಟರಲ್ಲಿ ಆಪರೇಷನ್ ಮಾಡಿಸಿಕೊಂಡಿದ್ರು ಅನ್ನೋದನ್ನೂ ಸೇರಿಸಿ ಓದಬೇಕು. ನನ್ನ ಅಭಿಪ್ರಾಯ ಕೇಳಿದ್ರೆ, ಮೊದಲು ರಿಂಗ್ ಹಾಕಿ ನೋಡೋದರಲ್ಲಿ ಕಳಕೊಳ್ಳೋದು ಏನೂ ಇಲ್ಲ, ಆಪರೇಷನ್ ದಾರಿ ಮುಚ್ಚಲ್ಲ. ಮೇಲಾಗಿ ರಿಂಗ್ ಹಾಕಿದಾಗ ಸೋರಿಕೆ ಶುರುವಾಯ್ತು ಅಂದ್ರೆ ಆಪರೇಷನ್ ಆದ್ಮೇಲೂ ಆಗಬಹುದು ಅಂತ ಒಂದು ಸುಳಿವು ಸಿಕ್ಕ ಹಾಗಾಯ್ತು.

ಏನೂ ಮಾಡಿಸದೇ ಇದ್ರೆ? ತೊಂದರೆ ಕೊಡದೇ ಇರೋ ಪ್ರೊಲ್ಯಾಪ್ಸನ್ನ ಹಾಗೇ ಬಿಟ್ಟು ಆಗಾಗ ನೋಡ್ತಿರೋದು ನಾವೂ ಮಾಡ್ತೀವಿ. ನಿಮ್ಮ ಅಮ್ಮನ ವಿಷಯದಲ್ಲಿ ನಂಗೆ ಸರಿ ಕಾಣದೇ ಇರೋದು ಮೂತ್ರ. ಶುಗರ್ ಬೇರೆ ಇದೆ, ಪೂರ್ತಿ ಖಾಲಿ ಆಗದೆ ಉಳಿದ್ರೆ ಪದೇ ಪದೇ ಇನ್ಫೆಕ್ಷನ್ ಆಗುತ್ತೆ, ತುಂಬ ಇಳಿದೋರಲ್ಲಿ ಕಿಡ್ನಿಯಿಂದ ಬರೋ ನಾಳ ಬಗ್ಗಿ ಕಿಡ್ನಿ ಊದಿಕೊಳ್ಳೋದೂ ಉಂಟು. ಮೂತ್ರ ಮಾಡಿದ ತಕ್ಷಣ ಸ್ಕ್ಯಾನಲ್ಲಿ ಎಷ್ಟು ಉಳಿದಿದೆ ಅಂತ ನೋಡಿಸಿ, ಅದರ ಜೊತೆಗೇ ಕಿಡ್ನಿನೂ ನೋಡಿಬಿಡ್ತಾರೆ, ಕ್ರಿಯಾಟಿನಿನ್ (ಕಿಡ್ನಿ ಕೆಲಸ ನೋಡೋಕೆ) ಮತ್ತು ಎಚ್‌ಬಿಎ1ಸಿ (ಶುಗರ್ ಹಿಡಿತ ನೋಡೋಕೆ) ರಕ್ತ ಪರೀಕ್ಷೆನೂ ಮಾಡಿಸಿ. ಮೂತ್ರ ಪೂರ್ತಿ ನಿಂತುಹೋದ್ರೆ, ಹೊರಗೆ ಬಂದಿದ್ದು ಒಳಗೆ ಹೋಗದೇ ಇದ್ರೆ, ರಕ್ತ ಕಂಡ್ರೆ ಅವತ್ತೇ ಆಸ್ಪತ್ರೆಗೆ. ಮುಟ್ಟು ನಿಂತ ಮೇಲೆ ಬರೋ ರಕ್ತವನ್ನ ಉಜ್ಜಿ ಹುಣ್ಣಾಗಿರಬೇಕು ಬಿಡು ಅಂತ ಮನೇಲೇ ತೀರ್ಮಾನ ಮಾಡಬಾರದು.

ಮುಂಗಾರುಮಗಳು:
ಡಾಕ್ಟರ್, ಇಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ. ಇನ್ನೊಂದೇ ಪ್ರಶ್ನೆ, ಯೋನಿನೇ ಮುಚ್ಚಿ ಹೊಲಿಯೋ ಆಪರೇಷನ್ ಇದೆಯಂತೆ, ಪರಿಚಯದವರ ಅಜ್ಜಿಗೆ ಮಾಡಿದಾರೆ, ಚಿಕ್ಕ ಆಪರೇಷನ್ ಅಂತೆ. ಅಮ್ಮಂಗೂ ಅದು ಮಾಡಬಹುದಾ?

ಒಪಿಡಿ_ಮೂಲೆ:
ಕಾಲ್ಪೊಕ್ಲೈಸಿಸ್. ಬೇಗ ಮುಗಿಯುತ್ತೆ, ಬೆನ್ನಿಗೆ ಇಂಜೆಕ್ಷನ್ ಕೊಟ್ಟೇ ಮಾಡಬಹುದು, ಮರುಕಳಿಸೋದು ಬಹಳ ಕಮ್ಮಿ, ತುಂಬ ವಯಸ್ಸಾಗಿ ದೊಡ್ಡ ಆಪರೇಷನ್ ತಡೆಯದೇ ಇರೋರಿಗೆ ಒಳ್ಳೆ ದಾರಿ. ಆದ್ರೆ ಅದಾದ್ಮೇಲೆ ಸಂಭೋಗ ಸಾಧ್ಯವೇ ಇಲ್ಲ, ಗರ್ಭಕೋಶ ಉಳಿದಿದ್ರೆ ಮುಂದೆ ಅದನ್ನ ಕೆಳಗಿನಿಂದ ಪರೀಕ್ಷೆ ಮಾಡೋಕೂ ಆಗಲ್ಲ, ಅದಕ್ಕೆ ಮೊದಲೇ ಸ್ಕ್ಯಾನ್, ಗರ್ಭಕೋಶದ ಬಾಯಿಯ ಪ್ಯಾಪ್ ಪರೀಕ್ಷೆ ಮಾಡಿ ನೋಡ್ತಾರೆ. 63 ಅಂಥಾ ವಯಸ್ಸೇನಲ್ಲ. ನಿಮ್ಮ ತಂದೆ ಇದಾರಾ, ಅವರಿಬ್ಬರ ಮನಸ್ಸಲ್ಲಿ ಏನಿದೆ, ಅದನ್ನ ಮಗಳು ಊಹಿಸಿ ಹೇಳೋ ಹಾಗಿಲ್ಲ. ಡಾಕ್ಟರ್ ರೂಮಿಗೆ ಅಮ್ಮನ್ನ ಸ್ವಲ್ಪ ಹೊತ್ತು ಒಬ್ರನ್ನೇ ಕಳಿಸಿ.

ಮುಂಗಾರುಮಗಳು:
ಸರಿ ಡಾಕ್ಟರ್. ಅಮ್ಮ ರಿಂಗ್ ಹಾಕಿಸಿ ನೋಡೋಣ ಅಂತ ಈಗಷ್ಟೇ ಒಪ್ಪಿದ್ರು, ತೆಗೆಯೋಕೆ ಬರುತ್ತೆ ಅನ್ನೋದು ಕೇಳಿದ್ಮೇಲೆ ಸ್ವಲ್ಪ ಧೈರ್ಯ ಬಂದಿದೆ. ಎರಡನೇ ಡಾಕ್ಟರ್ ಹತ್ರ ಅಪಾಯಿಂಟ್‌ಮೆಂಟ್ ತಗೊಂಡಿದೀನಿ, ಮೂತ್ರ ಉಳಿಯೋ ಸ್ಕ್ಯಾನೂ ಅಲ್ಲೇ ಮಾಡ್ತಾರಂತೆ.

ಬೇವಿನನೆರಳು:
ಒಳ್ಳೇದಾಯ್ತು ತಂಗಿ. ಅಪಾಯಿಂಟ್‌ಮೆಂಟ್ ಮಧ್ಯಾಹ್ನದ ಮೇಲೆ ಸಿಗುತ್ತಾ ನೋಡು, ಬೆಳಿಗ್ಗೆ ಹೋದ್ರೆ ಎಲ್ಲಾ ಒಳಗೆ ಸೇರ್ಕೊಂಡಿರುತ್ತೆ, ಏನೂ ಇಲ್ವಲ್ಲ ಅಂದುಬಿಟ್ಟಾರು. ಆಗ್ಲಿಲ್ಲ ಅಂದ್ರೆ ನಿಲ್ಲಿಸಿ ಕೆಮ್ಮಿಸಿ ನೋಡಿ ಅಂತ ನೀನೇ ಹೇಳು. ತೆಗೆಯೋದು ಹಾಕೋದು ಆವತ್ತೇ ಅಮ್ಮನ ಕೈಲೇ ಒಂದ್ಸಲ ಮಾಡಿಸಿ ಅಂತ ನರ್ಸ್ ಹತ್ರ ಕೇಳಿ, ನೋಡ್ಕೊಂಡು ಬಂದ್ರೆ ಸಾಲಲ್ಲ.